ಎಂಟನೇ ಗುಳಿ

2026ರ ಜನವರಿ 12, ಸೋಮವಾರ, ಬೆಳಿಗ್ಗೆ 6 ಗಂಟೆ 20 ನಿಮಿಷ. ತುರುವನೂರಿನ ಬಂಡೆಯ ಮೇಲೆ ಕಳೆದ ವಾರ ಏಳೇ ಗುಳಿಗಳಿದ್ದವು. ಈಗ ಎಂಟನೆಯದೂ ಇತ್ತು. ಭೂವಿಜ್ಞಾನಿ ಮೇಘಶ್ರೀ ಉಳಿಯ ಗುರುತು ಹುಡುಕಿದಳು. ಗುಳಿಗಳು ಪ್ರಾಚೀನವೆಂದು ಅವಳು ವರದಿ ಬರೆದರೆ ಬಂಡೆ ಉಳಿಯುತ್ತದೆ, ಇಲ್ಲವಾದರೆ ಜಲ್ಲಿ ಕ್ರಷರ್‌ಗೆ ಹೋಗುತ್ತದೆ. ಅವಳು ಬಂಡೆ ಪೂಜಿಸುವ ಮುದುಕಿಯ ಕಡೆ ತಿರುಗಿದಳು.

"ಯಾರ ಕೈಲಿ ಕೊರೆಸಿದ್ರಿ, ದುರುಗಕ್ಕ?"

"ನಾನ್ಯಾಕೆ ಕೊರೆಸ್ಲವ್ವ? ಮುಂಚಿನೋರು ಇದರೊಳಗೇ ಮಲಗವ್ರೆ ಅಂತ ನಮ್ಮಜ್ಜಿ ಹೇಳ್ತಿದ್ಲು. ಎದ್ದಾಗ ಉಸಿರಾಡಾಕೆ ಗುಳಿ ಮಾಡ್ಕಂತಾರಂತೆ."

"ಸರಿಯಾಗಿ ಕ್ರಷರ್ ಬರೋ ಹೊತ್ತಿಗೇ ಎದ್ದರಾ?"

"ಮನೆ ಒಡೆಯಾಕೆ ಬಂದ್ರೆ ನೀನು ಮಲಗೇ ಇರ್ತೀಯಾ?" ಎನ್ನುತ್ತಾ ದುರುಗಕ್ಕ ಪ್ರತಿ ಸೋಮವಾರದಂತೆ ಒಂದೊಂದೇ ಗುಳಿಗೆ ಬೆರಳಿನಿಂದ ಬೆಣ್ಣೆ ಮೆತ್ತಿದಳು. ಚಳಿಗೆ ಏಳರಲ್ಲೂ ಬೆಣ್ಣೆ ಗಟ್ಟಿಯಾಗಿಯೇ ನಿಂತಿತು. ಎಂಟನೆಯದರಲ್ಲಿ ಕರಗಿತು.

ಮೊದಲೇ ಬಿಸಿನೀರು ಸುರಿದಿರಬೇಕೆಂದು ಮೇಘಶ್ರೀ ಸುತ್ತ ತಡವಿ ನೋಡಿದಳು. ಕಲ್ಲು ಒಣಗಿತ್ತು. ತಾಪಮಾಪಕವನ್ನು ಬಂಡೆಗೆ ಒತ್ತಿದಳು: 15.8. ಎಂಟನೇ ಗುಳಿಗೆ ಇಳಿಸಿ, ಹೊರಗಿನ ಕಾವಿದ್ದರೆ ಆರಲೆಂದು ಹತ್ತು ನಿಮಿಷ ಕಾದು, ಓದಿದಳು. 36.9 ಡಿಗ್ರಿ ಸೆಲ್ಸಿಯಸ್, ಮನುಷ್ಯನ ಮೈಯ ಬಿಸಿ.