ದಾರಿ ಬಿಡದ ಮಂದಿ

ಹೆರಿಗೆ ನೋವು ತಿನ್ನುತ್ತಿದ್ದ ಮಗಳನ್ನು ಹೊತ್ತ ಆಂಬುಲೆನ್ಸ್ ಮಾರ್ಕೆಟ್ಟಿನ ತಿರುವಿನಲ್ಲಿ ಸಿಕ್ಕಿಕೊಂಡು ಅರ್ಧ ತಾಸಾಗಿತ್ತು. ಸೈರನ್ ಕಿವಿ ಹರಿಯುವಂತೆ ಕೂಗುತ್ತಿದ್ದರೂ ಮುಂದಿನ ಒಂದು ಗಾಡಿಯೂ ಮಿಸುಕಲಿಲ್ಲ.

"ಇನ್ನಷ್ಟು ಜೋರ ಹಚ್ಚೋ ಯಪ್ಪಾ," ಎಂದು ನೀಲವ್ವ ಡ್ರೈವರನಿಗೆ ಕೈ ಮುಗಿದಳು.

"ಇದಕ್ಕಿಂತ ಜೋರ ಇಲ್ಲಬೇ. ದಿನಾ ಕೇಳಿ ಕೇಳಿ ಮಂದಿ ಕಿವಿ ಮಂದ ಆಗ್ಯಾವು."

ನೀಲವ್ವ ಮಗಳ ಮುಖ ನೋಡಿದಳು. ಕಣ್ಣು ಮುಚ್ಚಿದ್ದವು, ನರಳಾಟವೂ ನಿಂತಿತ್ತು.

"ಬಂದ್ ಮಾಡು ಅದನ್ನ," ಎಂದವಳೇ ಕಿಟಕಿಯಿಂದ ತಲೆ ಹೊರಹಾಕಿ ಎದೆ ಬಡಿದುಕೊಂಡಳು. "ನನ್ನ ಮಗಳು ಹೋದಳ್ರೆಪ್ಪೋ, ಬಸುರಿ ಮಗಳು ಹೋದಳು."

ಆಟೋಗಳು ಪಕ್ಕಕ್ಕೆ ಸರಿದವು. ಬೈಕಿನವರು ಹೆಲ್ಮೆಟ್ ತೆಗೆದು ಕೈ ಮುಗಿದರು. ರಸ್ತೆ ತಾನಾಗಿಯೇ ತೆರೆದುಕೊಂಡಿತು.

ಒಳಗೆ ಯಾರೋ ನೀಲವ್ವನ ಸೆರಗು ಜಗ್ಗಿದರು.

"ಯವ್ವಾ," ಎಂದಳು ಮಗಳು ಹಲ್ಲು ಕಚ್ಚಿ, "ಅಳೋದು ನಿಲ್ಲಿಸಬ್ಯಾಡ, ದವಾಖಾನಿ ಇನ್ನೂ ದೂರ ಐತಿ."