ನಲ್ಲಿಗೆ ಗೋಣಿಚೀಲ

ಆ ಗಲ್ಲಿಗೆ ನೀರಿರಲಿಲ್ಲ. ನೀರಿಲ್ಲದ್ದಕ್ಕೇ ಅದಕ್ಕೆ ನೆಂಟರಿದ್ದರು. ಪೇಟೆಯ ಪ್ರಾರ್ಥನಾ ಮಂದಿರದವರು ವರ್ಷಕ್ಕೊಮ್ಮೆ ಹದಿನಾಲ್ಕು ಜನರನ್ನು ಕೂರಿಸಿಕೊಂಡು, ದೇವರಿಗೂ ಸಾಮಾಜಿಕ ನ್ಯಾಯಕ್ಕೂ ಏನು ಸಂಬಂಧ ಎಂದು ಒಂದು ದಿನ ಶಿಬಿರ ನಡೆಸಿ, ಮರುದಿನ ಎಲ್ಲರನ್ನೂ ವ್ಯಾನಿನಲ್ಲಿ ತಂದು ಇಲ್ಲಿ ಇಳಿಸುತ್ತಿದ್ದರು. ಮನೆಗೊಬ್ಬರಂತೆ ಎರಡು ದಿನ ಇದ್ದು, ದಿಣ್ಣೆಯ ಕೆಳಗಿನ ತೊಟ್ಟಿಯಿಂದ ನೀರು ಹೊತ್ತು, ಆಮೇಲೆ ದುಂಡಗೆ ಕೂತು ಯಾರಿಗೆ ಏನನ್ನಿಸಿತು ಎಂದು ಹೇಳಬೇಕು. ಮಂದಿರದವರು ಇದಕ್ಕೆ ಒಡನಾಟ ಯಾತ್ರೆ ಎಂದು ಹೆಸರಿಟ್ಟಿದ್ದರು. ಗಲ್ಲಿಯವರು ನೀರಿನ ಟೂರು ಎನ್ನುತ್ತಿದ್ದರು.

ಈ ಸಲ ವಾರ ಮೊದಲೇ ವ್ಯವಸ್ಥೆ ನೋಡಲು ಬಂದ ಸಂಚಾಲಕ, ಟೈಲರ್ ಅಕ್ಕನ ಮನೆ ಮುಂದೆ ನಿಂತವನು ನಿಂತೇಬಿಟ್ಟ. ಅಲ್ಲೊಂದು ಹೊಸ ನಲ್ಲಿ ಹೊಳೆಯುತ್ತಿತ್ತು.

“ಇದು ಯಾವಾಗ ಬಂತು ಅಕ್ಕಾ?”

“ಬಂದಿದ್ದಲ್ಲ ತಮ್ಮಾ, ತರಿಸಿದ್ದು. ಹೋದ ವರ್ಷ ನಿಮ್ಮ ವ್ಯಾನಲ್ಲಿ ಬಂದಿದ್ದ ದೊಡ್ಡಮ್ಮ ಹೇಳಿ ಹೋದ್ರಲ್ಲ, ನ್ಯಾಯವಾಗಿ ಬರಬೇಕಾದ್ದನ್ನ ಕೈಮುಗಿದು ಕೇಳಬಾರದು, ಹೋಗಿ ಕೂತ್ಕೊಂಡು ಕೇಳಬೇಕು ಅಂತ. ಹೆಂಗಸರೆಲ್ಲ ನೀರಿನ ಆಫೀಸಿನ ಬಾಗಿಲಲ್ಲಿ ಕೂತ್ವಿ. ನಾನು ಹೊಲಿಗೆ ಮಿಷನ್ನೇ ಹೊರಿಸ್ಕೊಂಡು ಹೋಗಿದ್ದೆ. ಅದರ ಸದ್ದು ತಡೀಲಾರದೆ ಕೊಟ್ರು.”

ಪಾಠ ಹೀಗೆ ನಾಟಿಬಿಡಬಹುದು ಎಂದು ಪಾಠ ಮಾಡಿದವರು ಯಾರೂ ಎಣಿಸಿರಲಿಲ್ಲ. ಸಂಚಾಲಕ “ತುಂಬಾ ಸಂತೋಷ” ಎಂದ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ. ನಲ್ಲಿಯನ್ನು ತಿರುಗಿಸಿ ನೋಡಿದ. ನೀರು ಧಾರಾಳವಾಗಿ ಬಂತು.

“ತಪ್ಪು ತಿಳೀಬೇಡಿ ಅಕ್ಕಾ. ನಮ್ಮೋರು ಬರೋದೇ ನೀರು ಹೊರೋಕೆ. ಅದೊಂದಿಲ್ಲ ಅಂದ್ರೆ ಆಮೇಲೆ ದುಂಡಗೆ ಕೂತು ಏನು ಹೇಳ್ತಾರೆ? ದಿಣ್ಣೆಯಾಚೆ ಗಲ್ಲಿಗೆ ಇನ್ನೂ ನಲ್ಲಿ ಬಂದಿಲ್ಲ, ಅಲ್ಲಿಗೇ ಕರ್ಕೊಂಡು ಹೋಗಬೇಕಾಗುತ್ತೆ. ಎರಡೇ ದಿನ ಇದನ್ನ ಮುಚ್ಚಿಟ್ರೆ...”

“ಮುಚ್ಚಿಡೋಕೆ ಇದೇನು ಬಸುರಾ ತಮ್ಮಾ?”

ನಕ್ಕಳೇನೋ ನಿಜ, ಒಳಗೊಳಗೇ ಕಸಿವಿಸಿ. ದೊಡ್ಡಮ್ಮ ಬಾರದೆ ಹೋದರೆ? ಮೂರು ವರ್ಷದಿಂದ ಆ ನಿವೃತ್ತ ನರ್ಸು ಇಳಿದುಕೊಳ್ಳುತ್ತಿದ್ದದ್ದು ಟೈಲರ್ ಅಕ್ಕನ ಕೋಣೆಯಲ್ಲೇ. ಗಂಡ ಬಿಟ್ಟುಹೋದ ಮೇಲೆ ಅಳತೆ ಕೊಡುವವರು, ಬಟ್ಟೆ ಎಲ್ಲಿ ಎಂದು ಜಗಳಕ್ಕೆ ಬರುವವರು ಬಿಟ್ಟರೆ ಅಲ್ಲಿ ಕೂತು ಮಾತಾಡಿದವರು ಅವರೊಬ್ಬರೇ. ಮಧ್ಯಾಹ್ನವಾದರೆ ಹೊಲಿಗೆ ಕಲಿಸು ಎಂದು ಹಟ. ವರ್ಷಕ್ಕೆ ಒಂದು ಬದಿಯಂತೆ ಅದೇ ದಿಂಬಿನ ಚೀಲ, ಹೊಲಿಗೆ ಮಾತ್ರ ಕುಡುಕ ನಡೆದ ಹಾಗೆ. “ಇದೇ ಸ್ಪೀಡಲ್ಲಿ ಹೋದ್ರೆ ದೊಡ್ಡಮ್ಮಾ, ದಿಂಬು ರೆಡಿಯಾಗೋ ಹೊತ್ತಿಗೆ ಇಡೋಕೆ ತಲೆ ಇರಲ್ಲ” ಎಂದರೆ, “ನಿನ್ನ ತಲೆ ಇಡು” ಎನ್ನುವರು. ಇನ್ನು ಉಳಿದಿದ್ದದ್ದು ನಾಲ್ಕನೇ ಬದಿ.

ಟೈಲರ್ ಅಕ್ಕ ಹೇಗೋ ಗಲ್ಲಿಯ ಹೆಂಗಸರನ್ನು ಒಪ್ಪಿಸಿದಳು. ಶನಿವಾರ ಬೆಳಿಗ್ಗೆ ನಲ್ಲಿಗೆ ಗೋಣಿಚೀಲ ಸುತ್ತಿ, ಮೇಲೊಂದು ಒಡಕು ಬಕೆಟ್ಟು ಕವುಚಿದಳು. ಅಟ್ಟಕ್ಕೆ ಸೇರಿದ್ದ ಕೊಡಗಳು ಧೂಳು ಒರೆಸಿಕೊಂಡು ಕೆಳಗಿಳಿದವು.

ದೊಡ್ಡಮ್ಮ ವ್ಯಾನಿನಿಂದ ಇಳಿದವರೇ ಅವಳ ಗಲ್ಲ ಹಿಂಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡ ಎತ್ತಿಕೊಂಡರು. ತೊಟ್ಟಿಗೆ ಇಳಿಯುವಾಗ ಎಲ್ಲ ಸರಿಯಿತ್ತು. ತುಂಬಿದ ಕೊಡದ ಜೊತೆ ಅರ್ಧ ದಿಣ್ಣೆ ಹತ್ತುವಷ್ಟರಲ್ಲಿ ಧೊಪ್ಪನೆ ಕೂತರು.

“ಹೋದ ವರ್ಷಕ್ಕಿಂತ ದಿಣ್ಣೆ ಬೆಳೆದಿದೆ ಕಣೇ.”

“ದಿಣ್ಣೆ ಅಲ್ಲ, ನಿಮ್ಮ ಮಂಡಿ. ಕೊಡ ಇಲ್ಲಿ ತನ್ನಿ.”

“ಸುಮ್ನಿರು. ನೀನು ವರ್ಷವೆಲ್ಲ ಹೊರ್ತೀಯ. ನಾನು ಎರಡು ದಿನ ಹೊತ್ರೆ ಸವೆದು ಹೋಗಲ್ಲ.”

ಎದ್ದರು. ಮಂಡಿ ಕಟಕ್ ಎಂದಿತು. ಮುಖ ಬಿಳಿಚಿಕೊಂಡಿತು, ಕೊಡ ಮಾತ್ರ ಬಿಡಲಿಲ್ಲ. ಟೈಲರ್ ಅಕ್ಕನಿಗೆ ತಡೆಯಲಾಗಲಿಲ್ಲ.

“ಇಳಿಸಿ ದೊಡ್ಡಮ್ಮಾ. ವರ್ಷವೆಲ್ಲ ಯಾರೂ ಹೊರ್ತಿಲ್ಲ. ನಲ್ಲಿ ಬಂದಿದೆ.”

ದೊಡ್ಡಮ್ಮ ಕುಂಟುತ್ತಲೇ ಬಂದು ಬಕೆಟ್ಟು ಎತ್ತಿ, ಗೋಣಿಚೀಲ ಕಿತ್ತು, ನಲ್ಲಿ ತಿರುಗಿಸಿದರು. ಸಂಚಾಲಕ ವ್ಯಾನಿನ ಟೈರನ್ನು ಗಮನವಿಟ್ಟು ನೋಡತೊಡಗಿದ.

“ಇದನ್ನ ಯಾಕೆ ಮುಚ್ಚಿಟ್ಟೆ?”

“ಇದು ಬಂದಿದ್ದು ಗೊತ್ತಾದ್ರೆ ನೀವು ಬರಲ್ಲ ಅಂದ್ರು.”

ದೊಡ್ಡಮ್ಮನ ಕಿವಿಗೆ ಅದು ಬಿತ್ತೋ ಇಲ್ಲವೋ. ಬೊಗಸೆಯೊಡ್ಡಿ ಮುಖ ತೊಳೆದುಕೊಂಡು, ಎಲ್ಲರನ್ನೂ ಕೂಗಿ ಕರೆದರು.

“ನಾವು ಬರೀ ಹೇಳಿದ್ದು, ಇವರು ಮಾಡಿ ತೋರಿಸಿದಾರೆ ನೋಡಿ. ಈ ಗಲ್ಲಿಗೆ ನಾವಿನ್ನು ಬೇಕಾಗಿಲ್ಲ. ಇದಕ್ಕಿಂತ ಸಂತೋಷ ಏನಿದೆ? ಎರಡು ದಿನ ಯಾಕೆ ದಂಡ ಮಾಡೋದು, ಈಗಲೇ ದಿಣ್ಣೆಯಾಚೆ ಹೋಗೋಣ.”

ಎಲ್ಲರೂ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ಸಂಚಾಲಕ. ಬೇಕಾಗಿಲ್ಲ ಅಂದವರು ಯಾರು ಎಂದು ಕೇಳಲು ಟೈಲರ್ ಅಕ್ಕ ಬಾಯಿ ತೆರೆದಳು. ಚಪ್ಪಾಳೆ ನಿಲ್ಲಲಿಲ್ಲ. ತಾನೂ ತಟ್ಟಿದಳು.

ವ್ಯಾನಿನ ಕಿಟಕಿಯ ಹತ್ತಿರ ಓಡಿಬಂದು ಕೇಳಿದಳು: “ದೊಡ್ಡಮ್ಮಾ, ನಾಲ್ಕನೇ ಬದಿ?”

“ನಿಂಗೆ ಬರುತ್ತಲ್ಲ ಕಣೇ, ನೀನೇ ಹೊಲ್ಕೋ.”

ಆಚೆ ಗಲ್ಲಿಯಲ್ಲಿ ಬೇಕಾಗುತ್ತದೆಂದು ಕೊಡಗಳೂ ವ್ಯಾನು ಹತ್ತಿದವು. ಸಂಜೆ ಹೆಂಗಸರು ನಲ್ಲಿಯ ಹತ್ತಿರ ಕೂತು ನಷ್ಟದ ಲೆಕ್ಕ ಹಾಕಿದರು. ಹದಿನಾಲ್ಕು ಕೊಡ ಎಂದಾಯಿತು.

“ಹದಿನಾಲ್ಕು ಕೊಡ,” ಎಂದಳು ಟೈಲರ್ ಅಕ್ಕ, “ಒಬ್ಬರು ದೊಡ್ಡಮ್ಮ.”