ಆಲ್ಬಮ್ಮಿಗೆ ಸೇರದ ಹಾಡು

ಅಂಟುಟೇಪಿನ ವಾಸನೆ ಬಂದರೆ ನನಗೆ ಈಗಲೂ ಅಪ್ಪನ ತಮ್ಮ ಕಾಕಾನ ಮೇಲೆ ಸಿಟ್ಟು ಉಕ್ಕುತ್ತದೆ.

ವಿದೇಶಿ ರಾಕ್ ತಂಡವೊಂದು ತನ್ನ ಆಲ್ಬಮ್ಮಿಗೆ ಹಾಕದೆ ಬಿಟ್ಟ ಹಾಡನ್ನು ಅಕ್ಕ ರೇಡಿಯೋದಿಂದ ಕ್ಯಾಸೆಟ್ಟಿಗೆ ತುಂಬಿಕೊಂಡಿದ್ದಳು. ಅದರ ಮೇಲೆ ಮತ್ತೇನೂ ರೆಕಾರ್ಡ್ ಆಗಬಾರದೆಂದು ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಚೂರನ್ನೂ ಮುರಿದಿದ್ದಳು.

ಒಂದು ಮಧ್ಯಾಹ್ನ ಅವಳು ಕಾಲೇಜಿನಿಂದ ಕೋಥರೂಡ್ ಬಡಾವಣೆಯ ಮನೆಗೆ ಬರುವಷ್ಟರಲ್ಲಿ ಕಾಕಾ ಚೂರು ಮುರಿದ ಆ ತೂತಿಗೆ ಅಂಟುಟೇಪ್ ಹಚ್ಚಿ, ಮತ್ತೆ ರೆಕಾರ್ಡ್ ಆಗುವಂತೆ ಮಾಡಿ, ತಾನು ಹಾಡಿದ ಭಜನೆ ತುಂಬಿದ್ದ.

“ಆ ಹಾಡು ಅಂಗಡ್ಯಾಗ ಸಿಗಂಗಿಲ್ರಿ ಕಾಕಾ,” ಎಂದಳು ಅಕ್ಕ.

“ದೇವರ ಹಾಡಿಗೆ ಸಿಟ್ಟ ಮಾಡ್ತಾರೇನವಾ? ಭಾಳ ಚಲೋ ಬಂದದ, ಕೇಳು,” ಎಂದ ಕಾಕಾ.

ಕೇಳಿದೆವು. ಭಜನೆ ಮುಗಿದದ್ದೇ ಆ ಹಾಡಿನ ಕೊನೆಯ ಗಿಟಾರ್ ತುಣುಕು ಹೊರಬಂತು. ಅಕ್ಕ ಟೇಪ್ ರೆಕಾರ್ಡರಿನತ್ತ ಬಾಗಿದಳು.

“ಇನ್ನೂ ಜಾಗಾ ಅದ,” ಎಂದು ಕಾಕಾ ರೆಕಾರ್ಡ್ ಬಟನ್ ಒತ್ತಿ ಮಂಗಳಾರತಿ ಶುರುಮಾಡಿದ.